ಮೂರು-ನಾಲ್ಕನೇ ಕ್ಲಾಸಿನ ಮಕ್ಕಳು ತಾವಿರುವ ಊರಿಗಾಗಿ ಏನು ಮಾಡಬಹುದು? ವಡಾಲ, ಸಾಯನ್, ಮಾಟುಂಗಾ ಕಡೆಯವರು ದಯವಿಟ್ಟು ಹೇಳಿ

ವಡಾಲ ಟೀಚರ್ | ಭಾನುವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಮುಂಬಯಿ ಮಹಾನಗರ ಪಾಲಿಕೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸುತ್ತೇನೆ. ಮೂರನೇ, ನಾಲ್ಕನೇ ಕ್ಲಾಸು ಸೇರಿ 23 ಮಕ್ಕಳು. ಒಂದಿಬ್ಬರ ಮನೆಯವರು ಉಡುಪಿ ಕಡೆಯವರು. ಉಳಿದವರೆಲ್ಲ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಗಾರೆ ಕೆಲಸಕ್ಕೋ ಮನೆಗೆಲಸಕ್ಕೋ ಹೋಗುವವರು.

ಕಳೆದ ವರ್ಷ ನವೆಂಬರ್ 19ರಿಂದ 25ರ ಪರಂಪರೆ ಸಪ್ತಾಹಕ್ಕೆ ಹೊರಗಿನ ಒಂದು ಸಂಸ್ಥೆಯವರು ಬಂದಿದ್ದರು. ಮಕ್ಕಳಿಗೆ ಮೊಣಕಾಲಿನವರೆಗೆ ಇಳಿಯುವ ಟೀ ಶರ್ಟು ತೊಡಿಸಿ, ಕೈಗೊಂದು ಪೊರಕೆ ಕೊಟ್ಟು, ಹಳೇ ಗೋಡೆಯೊಂದರ ಬುಡ ಗುಡಿಸಲು ಹೇಳಿದರು. ಅಲ್ಲಿ ಬೆಳಿಗ್ಗೆಯೇ ಗುಡಿಸಿ ಆಗಿತ್ತು. ಅತಿಥಿಗಳು ಬರಲಿ ಎಂದು ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದರು. ನನ್ನ ಒಬ್ಬ ಹುಡುಗಿ ತಲೆ ಸುತ್ತಿ ಕೂತುಬಿಟ್ಟಳು. ಫೋಟೋ ಆಯಿತು, ಬಿಸ್ಕತ್ತು ಹಂಚಿದರು, ಹೋದರು. ಮರುದಿನ ಆ ಹುಡುಗಿಯೇ ನನ್ನನ್ನು ಕೇಳಿದಳು: ‘ಟೀಚರ್, ಆ ಗೋಡೆ ಯಾರದು?’

ಈ ವರ್ಷ ಅಂಥದ್ದು ನನಗೆ ಬೇಡ. ಎಂಟು-ಹತ್ತು ವರ್ಷದ ಮಕ್ಕಳಿಗೆ ನಿಜವಾಗಿ ಆಗುವಂಥ, ಸುತ್ತಲಿನವರಿಗೂ ಉಪಯೋಗಕ್ಕೆ ಬರುವಂಥ, ಇವರು ಓಡಾಡುವ ಜಾಗದ ಹಳೆಯದನ್ನು ತಿಳಿಸುವಂಥ ಒಂದು ಕೆಲಸ ಬೇಕು. ದುಡ್ಡಿಲ್ಲ. ಬಸ್ಸು ಸಿಗುವುದು ಕಷ್ಟ. ನಡೆದು ಹೋಗಿ ಬರುವಷ್ಟರಲ್ಲಿ ಮುಗಿಯಬೇಕು.

ಚೆಂಬೂರಿನ ಅಮ್ಮ | ಭಾನುವಾರ, ರಾತ್ರಿ 10.05

ಟೀಚರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಒಬ್ಬ ತಾಯಿಯಾಗಿ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತೇನೆ. ಕನ್ನಡ ಶಾಲೆಯ ಮಕ್ಕಳು ಮುಂದೆ ಇಂಗ್ಲಿಷಿಗೋ ಮರಾಠಿಗೋ ಹೋಗಲೇಬೇಕು. ಆಗ ಲೆಕ್ಕದಲ್ಲಿ, ಓದಿನಲ್ಲಿ ಹಿಂದೆ ಬಿದ್ದರೆ ಯಾರೂ ಕೈ ಹಿಡಿಯುವುದಿಲ್ಲ. ನನ್ನ ಮಗ ಹಾಗೆ ಎರಡು ವರ್ಷ ಅತ್ತಿದ್ದಾನೆ. ಕೂಲಿ ಮಾಡುವವರ ಮಕ್ಕಳ ಶಾಲೆಯ ಹೊತ್ತು ಬಹಳ ಬೆಲೆಯದ್ದು. ಅದನ್ನು ಬೀದಿ ಸುತ್ತುವುದರಲ್ಲಿ ಕಳೆಯಬೇಕೇ?

ಸಾಯನ್ ಗುಡ್ಡ | ಭಾನುವಾರ, ರಾತ್ರಿ 10.40

ಮೊದಲು ಮನೆಯ ಬಾಗಿಲಿನಿಂದಲೇ ಶುರು ಮಾಡಿ ಟೀಚರ್. ಸಾಯನ್ ಸ್ಟೇಷನ್ನಿಗೆ ಮರಾಠಿಯಲ್ಲಿ ‘ಶೀವ್’ ಎಂದು ಬರೆದಿರುತ್ತಾರಲ್ಲ, ಅದರ ಅರ್ಥ ಗಡಿ. ನಮ್ಮ ‘ಸೀಮೆ’ಯ ಬಳಗದ್ದೇ ಮಾತು. ಮುಂಬಯಿ ದ್ವೀಪ ಅಲ್ಲಿಗೆ ಮುಗಿಯುತ್ತಿತ್ತು, ಆಚೆಯ ಸಾಷ್ಟಿ ದ್ವೀಪ ಪೋರ್ಚುಗೀಸರದು. ಆಚೆಯವರ ಮೇಲೆ ಕಣ್ಣಿಡಲು ಗುಡ್ಡದ ಮೇಲೆ ಇಂಗ್ಲಿಷರು 1669ರಿಂದ 1677ರ ನಡುವೆ ಕೋಟೆ ಕಟ್ಟಿದರು. ಆಮೇಲೆ 1737ರಲ್ಲಿ ಧಾರಾವಿಯ ಕಾಳಾ ಕಿಲ್ಲಾ. ಎರಡೇ ವರ್ಷಕ್ಕೆ, 1739ರಲ್ಲಿ, ಮರಾಠರು ಪೋರ್ಚುಗೀಸರ ವಸಯಿ ಕೋಟೆ ಗೆದ್ದು ಅವರನ್ನೇ ಕಳಿಸಿಬಿಟ್ಟರು.

ನಾನು ಹುಟ್ಟಿ ಬೆಳೆದದ್ದು ಈ ಗುಡ್ಡದ ಕೆಳಗೆ. ಕೋಟೆ ಯಾಕಿದೆ ಎಂದು ಹತ್ತನೇ ಕ್ಲಾಸಿನವರೆಗೆ ಒಬ್ಬರೂ ಹೇಳಲಿಲ್ಲ. ಈಗಲೂ ಅದನ್ನು ನೆನೆದರೆ ನೋವಾಗುತ್ತದೆ.

ಸಾಣೂರು ರಾವ್ | ಸೋಮವಾರ, ಬೆಳಿಗ್ಗೆ 7.15

ಕೋಟೆ, ಇಂಗ್ಲಿಷರು, ಪೋರ್ಚುಗೀಸರು ಎಲ್ಲ ಸರಿ ಮಾರಾಯ್ರೇ. ಆದರೆ ಇವು ಕನ್ನಡ ಶಾಲೆಯ ಮಕ್ಕಳು. ಮನೆಯಲ್ಲಿ ಟಿವಿ ಹಿಂದಿ, ಗಲ್ಲಿಯಲ್ಲಿ ಮರಾಠಿ. ಕನ್ನಡ ಉಳಿದಿರುವುದು ಶಾಲೆಯೊಳಗೆ ಮಾತ್ರ. ಇರುವ ಒಂದು ಅವಕಾಶದಲ್ಲಿ ಯಕ್ಷಗಾನ, ಡೊಳ್ಳು, ವಚನ ಹೇಳಿಕೊಡದೆ ಮುಂಬಯಿಯ ಕಲ್ಲು ತೋರಿಸುವುದಾದರೆ ಮುಂದೆ ಇವರಿಗೆ ನಮ್ಮದು ಅಂತ ಏನು ಉಂಟು? ಮೂವತ್ತು ವರ್ಷದಿಂದ ಇಲ್ಲಿಯ ಸಂಘಗಳಲ್ಲಿ ಓಡಾಡಿದವನು ನಾನು. ಮೊದಲು ಸಭಾಂಗಣ ತುಂಬಿ ಜನ ಹೊರಗೆ ನಿಲ್ಲುತ್ತಿದ್ದರು. ಈಗ ಮುಂದಿನ ಎರಡು ಸಾಲು ತುಂಬುವುದೂ ಕಷ್ಟ. ಅದಕ್ಕೇ ಹೇಳಿದ್ದು, ಬೇಜಾರು ಮಾಡಬೇಡಿ.

ಬೊರಿವಲಿ ಓದುಗ | ಸೋಮವಾರ, ಬೆಳಿಗ್ಗೆ 8.30

ರಾವ್ ಅವರೇ, ನಿಮ್ಮ ಸಂಕಟ ನನ್ನದೂ ಹೌದು. ಆದರೆ ‘ಮುಂಬಯಿಯ ಕಲ್ಲು’ ಎಂದಿರಲ್ಲ, ಅಲ್ಲೊಂದು ಮಾತು ಸೇರಿಸಬೇಕು. ನಮ್ಮ ಬೊರಿವಲಿ ಕಾಡಿನೊಳಗಿನ ಕನ್ಹೇರಿ ಗುಹೆಗಳಲ್ಲಿ ಒಂಬತ್ತನೇ ಶತಮಾನದ ಸಂಸ್ಕೃತ ಶಾಸನಗಳಿವೆ. ಬರೆಸಿದ ಕಾಲ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರದು. ಅವರ ಮೇಲಿನ ಚಕ್ರವರ್ತಿ ರಾಷ್ಟ್ರಕೂಟ ಅಮೋಘವರ್ಷ, ಅಂದರೆ ನಮ್ಮ ನೃಪತುಂಗ. ಮೊದಲ ಸಲ ಅದರ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಶಾಲೆಯಲ್ಲಿ ಕಾವೇರಿಯಿಂದ ಗೋದಾವರಿಯವರೆಗೆ ಎಂದು ಬಾಯಿಪಾಠ ಮಾಡಿದ ರಾಜನ ಹೆಸರು ಲೋಕಲ್ ಟ್ರೇನಿನಲ್ಲಿ ಹೋಗಿ ಬರುವ ದೂರದಲ್ಲಿದೆ. ಯಾವುದು ನಮ್ಮದು, ಯಾವುದು ಅವರದು ಎಂದು ಅಲ್ಲಿ ನಿಂತು ಗೆರೆ ಎಳೆಯಲು ಆಗುವುದಿಲ್ಲ.

ಮಕ್ಕಳಿಗೆ ಅಲ್ಲಿ ಶಾಸನಕ್ಕಿಂತ ನೀರು ಇಷ್ಟವಾಗುತ್ತದೆ. ನೂರಕ್ಕೂ ಹೆಚ್ಚು ಗುಹೆ. ಬಂಡೆಯ ಮೇಲೆ ಬಿದ್ದ ಮಳೆ ಕೊರೆದ ಕಾಲುವೆಯಲ್ಲಿ ಹರಿದು ಗುಹೆಯ ಪಕ್ಕದ ತೊಟ್ಟಿಗೆ ಇಳಿಯುತ್ತದೆ. ಅಲ್ಲಿನ ಬ್ರಾಹ್ಮಿ ಬರಹಗಳಲ್ಲಿ ಇಂಥ ತೊಟ್ಟಿಗೆ ‘ಪೋಢಿ’ ಎಂದಿದೆ. ಕಲ್ಯಾಣದ ವ್ಯಾಪಾರಿಗಳು ದುಡ್ಡು ಕೊಟ್ಟು ಕೊರೆಸಿದವೂ ಇವೆ. ದಿನಾ ಕೊಡ ಹಿಡಿದು ನಲ್ಲಿ ಮುಂದೆ ನಿಲ್ಲುವ ಮಗುವಿಗೆ ಇದು ಬೇಗ ತಲೆಗೆ ಹೋಗುತ್ತದೆ. ಹದಿನೈದು ವರ್ಷದ ಒಳಗಿನವರಿಗೆ ಪುರಾತತ್ವ ಇಲಾಖೆಯ ಟಿಕೆಟ್ ಇಲ್ಲ. ಆದರೆ ಟೀಚರ್ ಕೇಳಿದ್ದು ನಡೆದು ಹೋಗುವ ದೂರ, ಹಾಗಾಗಿ ಇದನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ವಾಸ್ಕೋ ನಿವಾಸಿ | ಸೋಮವಾರ, ಮಧ್ಯಾಹ್ನ 1.10

ಗೋವೆಯಿಂದ ಒಂದೇ ಮಾತು. ಇಲ್ಲಿ ಸರ್ಕಾರಿ ಬಸ್ಸಿನ ಹೆಸರೇ ಕದಂಬ. ನಮ್ಮ ಬೀದಿಯ ಗದಗ, ಬಾಗಲಕೋಟೆ ಕಡೆಯ ಮಕ್ಕಳು ದಿನಾ ಅದರಲ್ಲೇ ಓಡಾಡುತ್ತಾರೆ. ಒಂದು ದಿನ ತಾಂಬಡಿ ಸುರ್ಲಾಕ್ಕೆ ಕರೆದುಕೊಂಡು ಹೋಗಿ, ಕಾಡಿನ ನಡುವೆ ಕಪ್ಪು ಕಲ್ಲಿನ ಮಹಾದೇವ ಗುಡಿ ತೋರಿಸಿ, ಇದನ್ನು ಕದಂಬರ ಕಾಲದಲ್ಲಿ ಕಟ್ಟಿದ್ದು ಅಂದೆ. ಒಬ್ಬ ಹುಡುಗ ‘ಬಸ್ಸಿನವರಾ?’ ಅಂತ ಕೇಳಿದ. ಆಮೇಲೆ ಬನವಾಸಿಯಿಂದ ಗೋವೆಯವರೆಗೆ ಕಥೆ ಹೇಳುವುದು ಬಹಳ ಸುಲಭವಾಯಿತು.

ಪುಣೆ ವಾರಜೆ | ಸೋಮವಾರ, ರಾತ್ರಿ 8.45

ಟೀಚರ್, ನಾ ಪುಣೆದಾಗ ಇದ್ದು ಇಪ್ಪತ್ತೆರಡು ವರ್ಷ ಆತು. ಕಟ್ಟಡದ ಮೇಸ್ತ್ರಿ ಕೆಲಸ. ನಮ್ಮ ಲೇಬರ್ ಕ್ಯಾಂಪಿನ ಹುಡುಗೂರ ಸುದ್ದಿ ಹೇಳ್ತೀನಿ. ಇಲ್ಲಿ ದೀಪಾವಳಿಗೆ ಮನಿ ಮನಿ ಮುಂದ ಹುಡುಗೂರು ಮಣ್ಣಿನ ಕಿಲ್ಲಾ ಕಟ್ತಾವ. ಶಿವಾಜಿ ಮಹಾರಾಜರ ಗೊಂಬಿ, ಮಾವಳೆ ಸೈನಿಕರ ಗೊಂಬಿ ಇಡ್ತಾವ. ಮಣ್ಣಿನ ಮ್ಯಾಲ ಸಾಸಿವಿ ಉಗ್ಗಿದ್ರ ನಾಕೈದು ದಿನಕ್ಕ ಹಸರು ಬರ್ತದ. ನಮ್ಮ ಹುಡುಗೂರು ಸೊಸೈಟಿ ಗೇಟಿನ ಹೊರಗ ನಿಂತು ನೋಡೂದಷ್ಟ ಮಾಡ್ತಿದ್ವು.

ಹೋದ ಸಲ ನಾ ಅಂದೆ, ನೀವು ಮೇಸ್ತ್ರಿಗಳ ಮಕ್ಕಳು, ನಿಮಗ ಕಟ್ಟಾಕ ಬರೂದಿಲ್ಲೇನು? ಒಡದ ಇಟ್ಟಂಗಿ, ಉಸುಕು, ಗೋಣಿಚೀಲ ಕೊಟ್ಟೆ. ರಾಜಗಡದ ಚಿತ್ರ ಮೊಬೈಲಿನಾಗ ನೋಡಿ ಕಟ್ಟಿದ್ರು. ಬುರುಜು ಬೀಳಬಾರದು ಅಂತ ನಮ್ಮವನ ಮಗ ಕೆಳಗ ಅಗಲ, ಮ್ಯಾಲ ಸಣ್ಣ ಮಾಡಿದ. ಯಾರೂ ಹೇಳಿಕೊಟ್ಟಿಲ್ರಿ, ಅಪ್ಪನ ಕೆಲಸ ನೋಡಿ ಕಲ್ತದ್ದು. ಸೊಸೈಟಿ ಹುಡುಗೂರು ಹೊರಗ ಬಂದು ಇವರ ಜೋಡಿ ಕುಂತ್ವು. ಈಗ ಯುನೆಸ್ಕೋದವರು 2025ರಾಗ ಹನ್ನೆರಡು ಕಿಲ್ಲಾ ಪಟ್ಟಿಗೆ ತಗೊಂಡಾರಲ್ಲ, ರಾಜಗಡನೂ ಅದರಾಗ ಅದ. ಆ ಸುದ್ದಿ ಬಂದ ದಿನ ನಮ್ಮ ಹುಡುಗ ‘ಕಾಕಾ, ನಾವು ಕಟ್ಟಿದ್ದು!’ ಅಂತ ಓಡಿ ಬಂದ.

ರಾವ್ ಸಾಹೇಬ್ರ, ಅವನು ಮನ್ಯಾಗ ಇನ್ನೂ ಕನ್ನಡನ ಮಾತಾಡ್ತಾನ್ರಿ.

ನಿವೃತ್ತ ಮುಖ್ಯೋಪಾಧ್ಯಾಯ, ಮುಲುಂಡ್ | ಮಂಗಳವಾರ, ಬೆಳಿಗ್ಗೆ 6.50

ಚೆಂಬೂರಿನ ತಂಗಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದು ತಳ್ಳಿಹಾಕುವ ಪ್ರಶ್ನೆ ಅಲ್ಲ.

ಮೂವತ್ತಾರು ವರ್ಷ ಪಾಠ ಮಾಡಿದ್ದೇನೆ. ಪ್ರಾಥಮಿಕ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಬರಿಗೈಯಲ್ಲಿ ವಾಪಸು ತಂದರೆ ಅದು ನಿಜಕ್ಕೂ ಹೊತ್ತು ಕಳೆದ ಹಾಗೆ. ಹೊರಗೆ ಮಾಡುವ ಕೆಲಸದಲ್ಲಿ ಅಳತೆ, ಬರವಣಿಗೆ, ಓದು ಮೂರೂ ಇರಬೇಕು. ಹಾಗಿದ್ದರೆ ಒಂದು ವಾರದ ಪಾಠ ಅದರಲ್ಲೇ ಮುಗಿಯುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುವ ಹತ್ತು ಚೀಲವಿಲ್ಲದ ದಿನಗಳು ಆರರಿಂದ ಎಂಟನೇ ಕ್ಲಾಸಿಗೆ. ನಿಮ್ಮ ಮಕ್ಕಳಿಗೆ ಅದು ಸಲ್ಲುವುದಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ಒಂದರಿಂದ ಎಂಟನೇ ಕ್ಲಾಸಿನವರೆಗೆ ಚಟುವಟಿಕೆಗೆಂದು ‘ಆನಂದದಾಯಿ ಶನಿವಾರ’ ಇದೆಯಲ್ಲ, ಆ ಹೊತ್ತನ್ನು ಹಿಡಿಯಿರಿ. ಮುಖ್ಯಾಧ್ಯಾಪಕರೂ ಬೇಡ ಎನ್ನಲಾರರು.

ನನ್ನ ಸಲಹೆ ಮರ. ವಡಾಲ ಎಂಬ ಹೆಸರು ಬಂದದ್ದು ವಡದಿಂದ, ಅಂದರೆ ಆಲದ ಮರದಿಂದ. ಮುಂಬಯಿ ತುಂಬ ಇಂಥ ಹೆಸರುಗಳು: ಫಣಸವಾಡಿ ಹಲಸಿನದು, ಚಿಂಚ್ ಬಂದರ್ ಹುಣಸೆಯದು, ಉಮರಖಾಡಿ ಅತ್ತಿಯದು. ವಡಾಲದಲ್ಲಿ ಈಗ ಎಷ್ಟು ಆಲ ಉಳಿದಿವೆ? ಮಕ್ಕಳು ಹುಡುಕಲಿ. ಹಗ್ಗ ಸುತ್ತಿ ಅಳೆಯಲಿ. ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ ಅಳೆಯುವುದು ಕ್ರಮ, ನಿಮ್ಮ ನಾಲ್ಕನೇ ಕ್ಲಾಸಿನವರ ತಲೆಮಟ್ಟ ಎಂದುಕೊಳ್ಳಿ. ಬಿಳಲು ಸೇರಿಸಬೇಡಿ, ನಡುಬೊಡ್ಡೆ ಮಾತ್ರ. ಮಹಾರಾಷ್ಟ್ರದ 1975ರ ಮರಗಳ ಕಾಯಿದೆಗೆ 2021ರಲ್ಲಿ ತಿದ್ದುಪಡಿ ಬಂದ ಮೇಲೆ ಐವತ್ತು ವರ್ಷ ದಾಟಿದ ಮರಕ್ಕೆ ಪಾರಂಪರಿಕ ಮರ ಎಂಬ ಸ್ಥಾನ ಇದೆ.

ಮರದ ವಯಸ್ಸು ಹಗ್ಗದಿಂದ ತಿಳಿಯುವುದಿಲ್ಲ. ಅದಕ್ಕೆ ಮುದುಕರನ್ನು ಕೇಳಬೇಕು, ‘ನೀವು ಬಂದಾಗ ಈ ಮರ ಎಷ್ಟಿತ್ತು?’ ಎಂದು. ಅಲ್ಲಿಂದ ಇತಿಹಾಸ ಶುರುವಾಗುತ್ತದೆ. ಬರೆದದ್ದನ್ನು ಪಾಲಿಕೆಯ ಎಫ್ ಉತ್ತರ ವಾರ್ಡಿನ ಕಚೇರಿಗೆ ಪತ್ರವಾಗಿ ಕೊಡಿ. ಮೊದಲು ಕನ್ನಡದಲ್ಲಿ ಬರೆಯಲಿ, ಆಮೇಲೆ ಅದನ್ನೇ ಮರಾಠಿಯಲ್ಲಿ.

ಚೆಂಬೂರಿನ ಅಮ್ಮ | ಮಂಗಳವಾರ, ಬೆಳಿಗ್ಗೆ 9.00

ಸರ್, ಹೀಗಾದರೆ ನನ್ನ ಆಕ್ಷೇಪ ಇಲ್ಲ. ಒಂದೇ ಕೋರಿಕೆ: ಐದು ಮಕ್ಕಳಿಗೆ ಒಬ್ಬ ದೊಡ್ಡವರು ಇರಲಿ, ಬಿಸಿಲು ಏರುವ ಮೊದಲು ಮುಗಿಸಿ, ಮಕ್ಕಳ ಮುಖದ ಫೋಟೋ ಗ್ರೂಪುಗಳಿಗೆ ಹಾಕಬೇಡಿ. ಶನಿವಾರ ನಾನೂ ಬರುತ್ತೇನೆ, ರಸ್ತೆ ದಾಟಿಸಲು ಒಂದು ಕೈ ಆಗುತ್ತದೆ.

ವಡಾಲ ಟೀಚರ್ | ಶನಿವಾರ, ಮಧ್ಯಾಹ್ನ 3.30

ಬೆಳಿಗ್ಗೆ ಏಳೂವರೆಗೆ ಹೊರಟೆವು. ದೊಡ್ಡವರು ಐದು ಜನ. ಚೆಂಬೂರಿನ ಅಕ್ಕ ನಿಜವಾಗಿಯೂ ಬಂದಿದ್ದರು, ಮನೆಯಿಂದ ಚಿತ್ರಾನ್ನ ತಂದಿದ್ದರು.

ಶಾಲೆಯ ಸುತ್ತಲಿನ ನಾಲ್ಕು ಗಲ್ಲಿಗಳಲ್ಲಿ ಆಲ ಸಿಕ್ಕಿದ್ದು ಮೂರೇ. ಅರಳಿ ಐದು, ಮಳೆಮರ ಹನ್ನೊಂದು. ಮಕ್ಕಳಿಗೆ ಇದು ಸಹಿಸಲೇ ಆಗಲಿಲ್ಲ. ‘ಊರಿನ ಹೆಸರೇ ಆಲ, ಮೂರೇ ಇದ್ದರೆ ಹೇಗೆ ಟೀಚರ್?’ ಎಂದು ದಾರಿಯುದ್ದಕ್ಕೂ ಕೇಳಿದರು. ಎಲ್ಲಕ್ಕಿಂತ ದೊಡ್ಡದರ ಸುತ್ತಳತೆ 4 ಮೀಟರ್ 12 ಸೆಂಟಿಮೀಟರ್. ಎರಡು ಗುಂಪು ಅಳೆದಾಗ ಬೇರೆ ಬೇರೆ ಬಂತು. ಹಗ್ಗ ಒಂದು ಕಡೆ ಕೆಳಗೆ ಜಾರಿತ್ತು ಎಂದು ಅವರೇ ಕಂಡುಹಿಡಿದು ಮೂರನೇ ಸಲ ಅಳೆದರು. ನಾನು ಬಾಯಿ ಬಿಡಲಿಲ್ಲ.

ಆ ಮರಕ್ಕೆ ಹತ್ತೊಂಬತ್ತು ಮೊಳೆ. ಟ್ಯೂಷನ್ ಕ್ಲಾಸಿನ ಜಾಹೀರಾತು, ಬಾಡಿಗೆ ಮನೆಯ ಬೋರ್ಡು, ಯಾವುದೋ ಹಬ್ಬದ ಲೈಟಿನ ತಂತಿ. ಬುಡದವರೆಗೂ ಕಾಂಕ್ರೀಟು. ಮಕ್ಕಳು ಮೊಳೆ ಎಣಿಸಿದರು, ಮುಟ್ಟಲಿಲ್ಲ. ಕೀಳುವ ಕೆಲಸ ದೊಡ್ಡವರದು ಎಂದು ಮೊದಲೇ ಹೇಳಿದ್ದೆ.

ಅದರ ಕೆಳಗೆ ಬಾಳೆಹಣ್ಣು ಮಾರುವ ಒಬ್ಬ ಆಜಿ ಇದ್ದಾರೆ. ಮದುವೆಯಾಗಿ ಬಂದಾಗಿನಿಂದ ವಟಪೂರ್ಣಿಮೆಗೆ ಇದೇ ಮರಕ್ಕೆ ದಾರ ಸುತ್ತುತ್ತಿದ್ದಾರಂತೆ, ಅವರ ಅತ್ತೆಯೂ ಸುತ್ತುತ್ತಿದ್ದರಂತೆ. ಜ್ಯೇಷ್ಠದ ಹುಣ್ಣಿಮೆ ಎಂದು ಅವರು ಅಂದ ತಕ್ಷಣ ನಮ್ಮ ಸಿಂದಗಿಯ ಹುಡುಗ, ‘ಅವತ್ತು ನಮ್ಮೂರಾಗ ಕಾರ ಹುಣ್ಣಿಮಿ, ಎತ್ತು ಓಡಿಸ್ತಾರ’ ಎಂದ. ಮರಾಠಿಯಲ್ಲಿ ಎತ್ತಿಗೆ ಏನನ್ನುತ್ತಾರೆ ಎಂದು ಹುಡುಕಿಕೊಂಡು, ಕೈಯಲ್ಲಿ ಕೋಡು ಮಾಡಿ ತೋರಿಸಿ, ಅವರಿಗೆ ಪೂರ್ತಿ ವಿವರಿಸಿದ. ಆಜಿ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಟ್ಟರು. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನೇ ತಳ್ಳಿದರು.

ಕಳೆದ ವರ್ಷ ತಲೆ ಸುತ್ತಿ ಕೂತಿದ್ದಳಲ್ಲ, ಆ ಹುಡುಗಿ ಪಟ್ಟಿಯಲ್ಲಿ ‘ಮರ ಯಾರದು’ ಎಂಬ ಹೊಸ ಕಾಲಂ ತಾನೇ ಎಳೆದುಕೊಂಡಿದ್ದಾಳೆ. ಪಾಲಿಕೆಯದು, ಸೊಸೈಟಿಯದು, ಗುಡಿಯದು ಎಂದು ತುಂಬಿದ್ದಾಳೆ. ಈ ಮರದ ಮುಂದೆ ‘ಆಜಿದು’ ಎಂದು ಬರೆದಿದ್ದಾಳೆ. ನಾನು ತಿದ್ದಿಲ್ಲ.

ಸಾಣೂರು ರಾವ್ | ಶನಿವಾರ, ಸಂಜೆ 6.00

ಓದಿದೆ. ವಡಾಲದ ವಿಠ್ಠಲ ಮಂದಿರಕ್ಕೂ ಕರೆದುಕೊಂಡು ಹೋಗಿ ಟೀಚರ್. ಆಷಾಢ ಏಕಾದಶಿಗೆ ಅಲ್ಲಿ ಎಂಥ ಜನ ಸೇರುತ್ತಾರೆ ಎಂದು ಮಕ್ಕಳಿಗೆ ಗೊತ್ತೇ ಉಂಟು. ಜ್ಞಾನೇಶ್ವರ ಮಹಾರಾಜರು ವಿಠ್ಠಲನನ್ನು ‘ಕಾನಡಾ’, ಅಂದರೆ ಕನ್ನಡದವ, ಎಂದು ಕರೆದದ್ದನ್ನು ನಾನು ಬಂದು ಹೇಳುತ್ತೇನೆ. ಮರಗಳಿಗೆ ಹೆಸರಿನ ಫಲಕ ಮಾಡಿಸುವುದಾದರೆ ಖರ್ಚು ನನ್ನದು. ಕನ್ನಡದ ಹೆಸರೂ ಇರಲಿ, ಮರಾಠಿಯ ಕೆಳಗೆ ಇದ್ದರೂ ಆದೀತು. ಮೊಳೆ ಹೊಡೆಯುವುದು ಬೇಡ, ಕಟ್ಟೆಯ ಮೇಲೆ ನಿಲ್ಲಿಸುವಂಥದ್ದು ಮಾಡಿಸೋಣ.

ಫೋರ್ಟಿನ ಹಳೇ ಮಾಣಿ | ಶನಿವಾರ, ರಾತ್ರಿ 11.50

ನಾನು ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಹಳಬರನ್ನು ಕೇಳಬೇಕು ಎಂದು ಇಲ್ಲಿ ಬರೆದಿದ್ದರಲ್ಲ, ಅದಕ್ಕೆ ಬರೆದೆ.

1968ರಲ್ಲಿ ಕುಂದಾಪುರದ ಒಳಗಿನ ಹಳ್ಳಿಯಿಂದ ಬಂದೆ. ನನಗೆ ಆಗ ಹನ್ನೆರಡು ವರ್ಷ. ರೈಲಿರಲಿಲ್ಲ, ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರಲ್ಲಿ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದದ್ದು. ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಬೆಳಿಗ್ಗೆ ಐದಕ್ಕೆ ಏಳಬೇಕು. ಸಂಜೆ ಆರೂವರೆಗೆ ಮಾಲಕರು ಬಿಡುತ್ತಿದ್ದರು, ನಾವು ಏಳೆಂಟು ಹುಡುಗರು ಅಂಗಿ ಬದಲಿಸಿ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆವು. ದಾರಿಯಲ್ಲಿ ಸೇಂಟ್ ಥಾಮಸ್ ಚರ್ಚು. 1718ರಲ್ಲಿ ತೆರೆದದ್ದು. ಮುಂಬಯಿಯ ಹಳೇ ಮೈಲಿಗಲ್ಲುಗಳಿಗೆಲ್ಲ ಅಲ್ಲಿಂದಲೇ ಲೆಕ್ಕ ಎಂದು ನಮ್ಮ ಮೇಸ್ಟ್ರು ಹೇಳಿದ್ದರು. ಆ ಕರಿಕಲ್ಲುಗಳು ಕೆಲವು ರಸ್ತೆ ಎತ್ತರವಾಗಿ ಹೂತುಹೋಗಿದ್ದವು, ಈಗ ಮತ್ತೆ ತೆಗೆದು ನಿಲ್ಲಿಸಿದ್ದಾರೆ.

ಮಕ್ಕಳು ಜನರಿಗೆ ಏನು ಮಾಡಿಕೊಡಬಹುದು ಎಂದು ನೀವು ಕೇಳಿದಿರಿ. ನಾವು ಐದನೇ ಕ್ಲಾಸಿನವರು ಹೋಟೆಲಿನ ದೊಡ್ಡವರಿಗೆಲ್ಲ ಊರಿಗೆ ಕಾಗದ ಬರೆದುಕೊಡುತ್ತಿದ್ದೆವು. ದೋಸೆ ಹುಯ್ಯುವ ಭಟ್ಟರಿಂದ ಪಾತ್ರೆ ತೊಳೆಯುವವರವರೆಗೆ. ಮನಿಯಾರ್ಡರ್ ಫಾರಂ ತುಂಬುವುದೂ ನಮ್ಮದೇ. ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ಗದ್ದೆ ಅಡವು, ಎಲ್ಲ ನಮಗೆ ಗೊತ್ತಿರುತ್ತಿತ್ತು. ಒಬ್ಬರಿಗೂ ಹೇಳುತ್ತಿರಲಿಲ್ಲ. ಆ ಭಟ್ಟರು ಹೋಗಿ ಬಹಳ ವರ್ಷವಾಯಿತು. ಅವರ ಅಮ್ಮನಿಗೆ ನಾನು ಬರೆದ ಕಾಗದದ ಒಕ್ಕಣೆ ಈಗಲೂ ಬಾಯಿಗೆ ಬರುತ್ತದೆ.

ವಡಾಲ ಟೀಚರ್ | ಭಾನುವಾರ, ಬೆಳಿಗ್ಗೆ 10.15

ಹಿರಿಯರೇ, ರಾತ್ರಿಯೇ ಓದಿದೆ, ಉತ್ತರ ಬರೆಯಲು ಆಗಲಿಲ್ಲ. ನನ್ನ ಎಷ್ಟೋ ಮಕ್ಕಳ ತಾಯಂದಿರಿಗೆ ಓದು ಬರಹ ಬರುವುದಿಲ್ಲ. ರೇಷನ್ನಿನ ಕಾಗದ, ಆಸ್ಪತ್ರೆಯ ಚೀಟಿ ಎಲ್ಲ ಮರಾಠಿಯಲ್ಲಿ. ಅದನ್ನು ಮನೆಯಲ್ಲಿ ಓದಿ ಹೇಳುವವರು ಈ ಮಕ್ಕಳೇ. ಅವರು ಆಗಲೇ ಮಾಡುತ್ತಿರುವ ಈ ಕೆಲಸ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ನೀವು ದಯವಿಟ್ಟು ಶಾಲೆಗೆ ಬರಬೇಕು. ಶುಕ್ರವಾರ ಹನ್ನೊಂದಕ್ಕೆ ಆಗುತ್ತದೆಯೇ? ಬೆಳಿಗ್ಗೆ ಶನಿವಾರದ ಅಳತೆಯ ಪಟ್ಟಿ ತುಂಬಿಸಲು ನಾಲ್ಕು ಮಕ್ಕಳು ಮನೆಗೆ ಬಂದಿದ್ದರು. ನಿಮ್ಮ ಬರಹ ಅವರಿಗೆ ಓದಿ ಹೇಳಿದೆ. ಕೇಳಬೇಕಾದ ಪ್ರಶ್ನೆಗಳನ್ನು ಅವರೇ ಬರೆದಿದ್ದಾರೆ, ಇದ್ದ ಹಾಗೇ ಹಾಕುತ್ತೇನೆ. ಸಂಬಳ ಎಷ್ಟು? ಅಮ್ಮನ ನೆನಪಾಗಿ ಅತ್ತಿದ್ದೀರಾ? ಕಾಗದದಲ್ಲಿ ಸುಳ್ಳು ಬರೆಸಿದರೆ ಬರೆಯುತ್ತಿದ್ದಿರಾ? ರಾತ್ರಿ ಶಾಲೆಯಲ್ಲಿ ನಿದ್ದೆ ಬರುತ್ತಿರಲಿಲ್ಲವಾ?

ಫೋರ್ಟಿನ ಹಳೇ ಮಾಣಿ | ಭಾನುವಾರ, ರಾತ್ರಿ 9.30

ನಿದ್ದೆ ಬರುತ್ತಿತ್ತು. ಮೇಸ್ಟ್ರು ಎಬ್ಬಿಸುತ್ತಿರಲಿಲ್ಲ. ಗಂಟೆ ಹೊಡೆದ ಮೇಲೆ ಅವತ್ತಿನ ಪಾಠವನ್ನು ಬಸ್ ಸ್ಟಾಪಿನವರೆಗೆ ನಡೆಯುತ್ತಾ ಹೇಳಿಕೊಡುತ್ತಿದ್ದರು.

ಸುಳ್ಳೂ ಬರೆದಿದ್ದೇನೆ. ಭಟ್ಟರಿಗೆ ಕೈ ಸುಟ್ಟು ಹದಿನೈದು ದಿನ ಕೆಲಸ ಇರಲಿಲ್ಲ. ‘ನಾನು ಕ್ಷೇಮ’ ಎಂದು ಬರೆಯಲು ಹೇಳಿದರು, ಬರೆದೆ. ಇದನ್ನು ಮಕ್ಕಳ ಮುಂದೆ ಹೇಳಬಹುದೇ, ನೀವು ಯೋಚಿಸಿ ತಿಳಿಸಿ.

ಶುಕ್ರವಾರ ಹನ್ನೊಂದಕ್ಕೆ ಬರುತ್ತೇನೆ. ನಿಮ್ಮ ಕ್ಲಾಸು ಯಾವ ಮಹಡಿಯಲ್ಲಿ? ಮೊಣಕಾಲು ನೋವಿದೆ, ಮೆಟ್ಟಿಲು ಹತ್ತುವುದು ಕಷ್ಟ. ಸಾಧ್ಯವಿದ್ದರೆ ಆ ಆಲದ ಮರದ ಕಟ್ಟೆಯ ಮೇಲೇ ಕೂರೋಣ. ಆಜಿಯನ್ನೂ ಒಂದು ಮಾತು ಕೇಳಿ.